ಹಳೆಯ ಧ್ವನಿಸುರುಳಿಗಳನ್ನು ಗಣಕಯಂತ್ರಕ್ಕೆ ಇಳಿಸುವ ಮುನ್ನ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಹಳೆಯ ಧ್ವನಿಸುರುಳಿಗಳ ಪೆಟ್ಟಿಗೆಯೊಂದು ಇಂದಿಗೂ ಅಟ್ಟದ ಮೇಲೆ ಉಳಿದಿರುವುದುಂಟು. ಅದರಲ್ಲಿ ಎರಡು ಬಗೆಯವು ಇರುತ್ತವೆ. ಅಂಗಡಿಯಿಂದ ಕೊಂಡು ತಂದವು ಒಂದು ಬಗೆ: 1978ರ ‘ನಿತ್ಯೋತ್ಸವ’, ಭೀಮಸೇನ ಜೋಶಿಯವರ ದಾಸವಾಣಿ, ಕಾಳಿಂಗ ನಾವಡರ ಭಾಗವತಿಕೆ ಮುಂತಾದವು. ಮನೆಯಲ್ಲಿಯೇ ಮುದ್ರಿಸಿಕೊಂಡವು ಇನ್ನೊಂದು ಬಗೆ: ಅಜ್ಜಿ ಹಾಡಿದ ಶೋಭಾನೆ ಪದ, ಊರಿನಿಂದ ಬಂದ ಧ್ವನಿಪತ್ರ, ಸಂಘದ ವೇದಿಕೆಯಲ್ಲಿ ನಡೆದ ತಾಳಮದ್ದಳೆ, ಮಗುವಿನ ಮೊದಲ ಮಾತು. ಮೊದಲನೆಯ ಬಗೆಯದು ಹಾಳಾದರೆ ಬೇರೆಡೆ ದೊರಕೀತು. ಎರಡನೆಯದಕ್ಕೆ ಜಗತ್ತಿನಲ್ಲಿ ಮತ್ತೊಂದು ಪ್ರತಿಯಿಲ್ಲ. ಆದುದರಿಂದ ಕೆಲಸವನ್ನು ಎರಡನೆಯದರಿಂದಲೇ ಆರಂಭಿಸುವುದು ಯುಕ್ತ.

ಧ್ವನಿಯ ಗುಣಮಟ್ಟವನ್ನು ಗಣಕಯಂತ್ರದ ತಂತ್ರಾಂಶವು ಹೇಗಾದರೂ ಸರಿಪಡಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಗುಣಮಟ್ಟದ ಬಹುಪಾಲು ನಿರ್ಧಾರವಾಗುವುದು ಟೇಪು ಓಡುವ ಯಂತ್ರದಲ್ಲಿ. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಹೊರತಂದ ಈ ಕ್ಯಾಸೆಟ್ಟಿನ ಟೇಪು ಕೇವಲ 3.81 ಮಿಲಿಮೀಟರ್ ಅಗಲವಿದ್ದು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ಸೆಕೆಂಡಿಗೆ 10,000 ಕಂಪನಗಳ ಸ್ವರದ ಒಂದು ಅಲೆಗೆ ಟೇಪಿನ ಮೇಲೆ ದೊರೆಯುವ ಸ್ಥಳ ಮಿಲಿಮೀಟರಿನ ಇನ್ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸೂಕ್ಷ್ಮವಾದುದನ್ನು ಓದುವ ಹೆಡ್ಡಿನ ಮೇಲೆ ಧೂಳಿನ ಪದರ ಕುಳಿತಿದ್ದರೆ, ಅಥವಾ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೆ, ತಾರಸ್ಥಾಯಿಯ ಸೂಕ್ಷ್ಮಗಳು ಅಲ್ಲಿಯೇ ನಷ್ಟವಾಗುತ್ತವೆ. ಓದದೆ ಬಿಟ್ಟುದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.

ಮೊದಲು ಕ್ಯಾಸೆಟ್ಟನ್ನು ಪರೀಕ್ಷಿಸಬೇಕು. ಮುಂಬಯಿ, ಚೆನ್ನೈಗಳಂತಹ ಕಡಲತೀರದ ತೇವದ ಹವೆಯಲ್ಲಿ ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿಯುವುದು ಸಾಮಾನ್ಯ. ಅಂತಹುದನ್ನು ಇತರ ಕ್ಯಾಸೆಟ್ಟುಗಳೊಂದಿಗೆ ಇಡಬಾರದು. ಅದೇ ಯಂತ್ರದಲ್ಲಿ ಹಾಕಲೂಬಾರದು, ಬೂಷ್ಟು ಹರಡುತ್ತದೆ. ಟೇಪಿನ ಹಿಂದಿನ ಪುಟ್ಟ ಮೆತ್ತೆ ಅಂಟು ಬಿಟ್ಟು ಉದುರಿದ್ದರೆ ಧ್ವನಿ ಮಂಕಾಗಿ ಏರಿಳಿಯುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಸುರುಳಿಯನ್ನು ಸುಸ್ಥಿತಿಯ ಮತ್ತೊಂದು ಕವಚಕ್ಕೆ ವರ್ಗಾಯಿಸಬಹುದು. 90 ನಿಮಿಷದ ಟೇಪು 60 ನಿಮಿಷದ್ದಕ್ಕಿಂತ ತೆಳು, 120 ನಿಮಿಷದ್ದು ಇನ್ನೂ ತೆಳು. ಅವುಗಳನ್ನು ರಭಸದಿಂದ ಹಿಂದಕ್ಕೆ ಮುಂದಕ್ಕೆ ಸುತ್ತಬೇಡಿ. ಬಹುಕಾಲ ಮುಟ್ಟದ ಟೇಪನ್ನು ಸಾಧಾರಣ ವೇಗದಲ್ಲಿ ಒಮ್ಮೆ ಪೂರ್ತಿ ಓಡಿಸಿಕೊಳ್ಳುವುದು ಕ್ಷೇಮ.

ಯಂತ್ರದ ವಿಷಯದಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಕ್ಯಾಸೆಟ್ಟನ್ನು ಗಣಕಯಂತ್ರಕ್ಕೆ ಇಳಿಸುವ ಸಾಧನವೆಂದು ಮಾರಾಟವಾಗುವ ಅಗ್ಗದ ಪುಟ್ಟ ಪೆಟ್ಟಿಗೆಗಳು ಈ ಕೆಲಸಕ್ಕೆ ತಕ್ಕವಲ್ಲ. ಅವುಗಳ ಓಟ ಸ್ಥಿರವಾಗಿರುವುದಿಲ್ಲ, ಶ್ರುತಿ ತುಯ್ದಾಡುತ್ತದೆ. ಹಳೆಯದಾದರೂ ಗಟ್ಟಿಯಾದ ಟೇಪ್ ಡೆಕ್ ಒಂದನ್ನು ಬಂಧುಮಿತ್ರರಿಂದ ಎರವಲು ಪಡೆಯುವುದು ಲೇಸು. ಬೆಲ್ಟು ಸಡಿಲವಾಗಿದ್ದರೆ ಬದಲಾಯಿಸಿಸಬೇಕು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡನ್ನೂ ಅದರ ಪಕ್ಕದ ಲೋಹದ ಕಡ್ಡಿಯನ್ನೂ ಕಂದು ಬಣ್ಣ ಬಿಡುವುದು ನಿಲ್ಲುವವರೆಗೆ ಒರೆಸಿರಿ. ರಬ್ಬರಿನ ಉರುಳೆಗೆ ಒದ್ದೆ ಬಟ್ಟೆ ಸಾಕು.

ಇನ್ನು ಹೆಡ್ಡಿನ ಓರೆ. ಮನೆಯ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿದಾಗ ಆ ಯಂತ್ರದ ಹೆಡ್ಡು ಎಷ್ಟು ಓರೆಯಾಗಿತ್ತೋ ಅಷ್ಟೇ ಓರೆಯಲ್ಲಿ ಧ್ವನಿ ಟೇಪಿನ ಮೇಲೆ ಅಚ್ಚಾಗಿರುತ್ತದೆ. ಓದುವ ಹೆಡ್ಡು ಅದೇ ಕೋನದಲ್ಲಿದ್ದರೆ ಮಾತ್ರ ಧ್ವನಿ ಸ್ಪಷ್ಟವಾದೀತು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಚಿಕ್ಕ ಸ್ಕ್ರೂ ಒಂದಿರುತ್ತದೆ. ಅದರ ಈಗಿನ ಸ್ಥಾನವನ್ನು ಗುರುತು ಮಾಡಿಕೊಂಡು, ಟೇಪು ಓಡುತ್ತಿರುವಾಗ ಅತ್ಯಲ್ಪ ಪ್ರಮಾಣದಲ್ಲಿ ಅತ್ತಿತ್ತ ತಿರುಗಿಸಿ ಕಿವಿಗೊಡಿ. ‘ಸ’, ‘ಶ’ ಅಕ್ಷರಗಳು ತೀಕ್ಷ್ಣವಾಗಿ ಕೇಳಿಬರುವ, ಚಕ್ರತಾಳದ ಝಣತ್ಕಾರ ಬಿಡಿಬಿಡಿಯಾಗುವ ಸ್ಥಾನವೇ ಸರಿಯಾದದ್ದು. ಇದನ್ನು ಪ್ರತಿಯೊಂದು ಕ್ಯಾಸೆಟ್ಟಿಗೂ ಪ್ರತ್ಯೇಕವಾಗಿ ಮಾಡಬೇಕು. ಎರಡು ನಿಮಿಷದ ಈ ಶ್ರಮದಿಂದ ಆಗುವ ವ್ಯತ್ಯಾಸವನ್ನು ಕೇಳಿದವರೇ ಬಲ್ಲರು. ಡಾಲ್ಬಿ ಗುಂಡಿಯನ್ನು, ಮುದ್ರಿಸುವಾಗ ಅದನ್ನು ಬಳಸಿದ್ದರೆ ಮಾತ್ರ ಒತ್ತಿರಿ. ಸಾಧಾರಣ ರೆಕಾರ್ಡರುಗಳಲ್ಲಿ ಅದು ಇರುತ್ತಿರಲಿಲ್ಲ.

ಡೆಕ್ಕಿನ ‘ಲೈನ್ ಔಟ್’ನಿಂದ ಗಣಕಯಂತ್ರದ ‘ಲೈನ್ ಇನ್’ಗೆ ತಂತಿ ಜೋಡಿಸಬೇಕು. ಅನೇಕ ಲ್ಯಾಪ್‌ಟಾಪುಗಳಲ್ಲಿ ಇರುವುದು ಮೈಕಿನ ರಂಧ್ರ ಮಾತ್ರ. ಅದಕ್ಕೆ ಜೋಡಿಸಿದರೆ ಧ್ವನಿ ಒಡೆಯುತ್ತದೆ. ಯುಎಸ್‌ಬಿ ಮೂಲಕ ಜೋಡಿಸುವ, ಲೈನ್ ಇನ್ ಸೌಲಭ್ಯವುಳ್ಳ ಆಡಿಯೊ ಸಾಧನವನ್ನು ಕೊಳ್ಳುವುದು ಉತ್ತಮ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲೀ ಚೆನ್ನೈಯ ರಿಚಿ ಸ್ಟ್ರೀಟಿನಲ್ಲಾಗಲೀ ವಿಚಾರಿಸಬಹುದು. ತಂತ್ರಾಂಶಕ್ಕೆ ಹಣ ವೆಚ್ಚ ಮಾಡಬೇಕಾಗಿಲ್ಲ. ಉಚಿತವಾಗಿ ದೊರೆಯುವ ಅಡಾಸಿಟಿ ಸಾಕು. 44.1 ಕಿಲೋಹರ್ಟ್ಸ್, 24 ಬಿಟ್ ಆಯ್ದುಕೊಂಡು, ಅತಿ ಗಟ್ಟಿಯಾದ ಸ್ವರವೂ ಸೊನ್ನೆಗಿಂತ 6 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಮಟ್ಟವನ್ನು ಹೊಂದಿಸಿರಿ. ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 950 ಮೆಗಾಬೈಟ್ ಬೇಕು. ಇಂದಿನ ಹಾರ್ಡ್ ಡಿಸ್ಕುಗಳಿಗೆ ಅದು ಲೆಕ್ಕವೇ ಅಲ್ಲ.

ಹೀಗೆ ಬಂದ ಮೂಲ ಕಡತವನ್ನು ತಿದ್ದದೆ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ. ಸದ್ದು ತಗ್ಗಿಸುವ ಕೆಲಸವೆಲ್ಲ ಅದರ ನಕಲಿನ ಮೇಲೆ ನಡೆಯಲಿ, ಅದೂ ಹಿತಮಿತವಾಗಿ. ಬುಸುಗುಡುವ ಸದ್ದನ್ನು ಪೂರ್ಣವಾಗಿ ಅಳಿಸಹೊರಟರೆ ಅಜ್ಜಿಯ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಸ್ವಲ್ಪ ಸದ್ದು ಉಳಿದರೆ ಕಿವಿ ಅದನ್ನು ಬೇಗನೆ ಮರೆಯುತ್ತದೆ. ಬಂಧುಗಳಿಗೆ ಕಳುಹಿಸಲು ಎಂಪಿ3 ಪ್ರತಿ ಸಾಕು.

ಕಡತಕ್ಕೆ ಹೆಸರಿಡುವಾಗ ವರ್ಷ, ಸ್ಥಳ, ಹಾಡಿದವರ ಹೆಸರುಗಳನ್ನು ಸೇರಿಸಿ. ಕ್ಯಾಸೆಟ್ಟಿನ ಮೇಲಿನ ಕೈಬರಹದ ಚೀಟಿಯ ಛಾಯಾಚಿತ್ರವೂ ಜೊತೆಗಿರಲಿ. ಮನೆಯ ಹಿರಿಯರನ್ನು ಕೂರಿಸಿ ಕೇಳಿಸಿ, ಹಿನ್ನೆಲೆಯಲ್ಲಿ ಕೇಳುವ ದನಿಗಳು ಯಾರವೆಂದು ಈಗಲೇ ಬರೆದುಕೊಳ್ಳಿ. ಅದನ್ನು ಮುಂದೆ ಹೇಳಬಲ್ಲವರು ಇರುವುದಿಲ್ಲ. ಮೂಲ ಕ್ಯಾಸೆಟ್ಟನ್ನು ಎಸೆಯದೆ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ.