ಗೋಡೆಯೊಳಗಿನ ಎರಡೆಳೆ ತಾಮ್ರ

ಎಸ್‌ಟಿಡಿ ಕೋಡ್ ನೋಡಿ: ಕೂಡ್ಲಿಗಿಗೆ 08391, ಹಗರಿಬೊಮ್ಮನಹಳ್ಳಿಗೆ 08397, ಹರಪನಹಳ್ಳಿಗೆ 08398, ಹಡಗಲಿಗೆ 08399. ದಾವಣಗೆರೆಯಿಂದ ಬಳ್ಳಾರಿಗೆ, ಅಲ್ಲಿಂದ 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದ ಹರಪನಹಳ್ಳಿಯ ಎಸ್‌ಟಿಡಿ ಕೋಡ್ ಮಾತ್ರ ಬಳ್ಳಾರಿ ಸೀಮೆಯ ಸಾಲಿನಲ್ಲೇ ಉಳಿದಿದೆ. ಹಾಗೆಯೇ ಬಿಎಸ್‌ಎನ್‌ಎಲ್ ಫೈಬರ್‌ಗೆ ಬದಲಾಯಿಸಿಕೊಂಡರೂ ಹಳೆಯ ಸ್ಥಿರ ದೂರವಾಣಿಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಹಾಗಿದ್ದ ಮೇಲೆ ಪಡಸಾಲೆಯಿಂದ ಅಡುಗೆಮನೆಗೆ, ಅಂಗಡಿಯಿಂದ ಹಿಂದಿನ ಮನೆಗೆ ಎಳೆದ ಹಳೆಯ ಫೋನ್ ತಂತಿಯನ್ನೇಕೆ ಕಿತ್ತೆಸೆಯಬೇಕು? ಕೊಟ್ಟೂರಿನ ಹಳೆಯ ಮನೆಯಲ್ಲಾದರೂ ಸರಿ, ಬೆಂಗಳೂರಿನಲ್ಲಾದರೂ ಸರಿ, ಆ ತಾಮ್ರ ಇನ್ನೂ ದುಡಿಯಬಲ್ಲದು.

ಅದರಲ್ಲಿ ಹರಿಯುವುದೇನು ಎಂದು ಮೊದಲು ತಿಳಿಯಬೇಕು. ರಿಸೀವರ್ ಕೆಳಗಿದ್ದಾಗ ಎಕ್ಸ್‌ಚೇಂಜಿನ ಬ್ಯಾಟರಿಗಳು ಈ ಜೋಡಿ ಎಳೆಗಳ ನಡುವೆ ಸುಮಾರು 48 ವೋಲ್ಟ್ ನೇರ ವಿದ್ಯುತ್ತನ್ನು ಕಾಯ್ದಿಟ್ಟಿರುತ್ತವೆ. ರಿಸೀವರ್ ಎತ್ತಿದೊಡನೆ ಮಂಡಲ ಪೂರ್ಣಗೊಂಡು ಸುಮಾರು 20 ಮಿಲಿಆಂಪಿಯರ್ ಹರಿಯುತ್ತದೆ. 'ಇವರಿಗೆ ಮಾತಾಡಬೇಕಿದೆ' ಎಂದು ಎಕ್ಸ್‌ಚೇಂಜ್ ಅರಿಯುವುದು ಹೀಗೆ. ಗಂಟೆ ಬಾರಿಸಲು ಮಾತ್ರ 75 ವೋಲ್ಟಿನ ಆಸುಪಾಸಿನ ಪರ್ಯಾಯ ವಿದ್ಯುತ್ತು ಬರುತ್ತದೆ. ಬರಿಗೈಯಲ್ಲಿ ತಂತಿ ಹಿಡಿದಾಗ ಕರೆ ಬಂದು ಬೆಚ್ಚಿಬಿದ್ದ ಲೈನ್‌ಮನ್‌ಗಳಿಗೆ ಇದು ಚೆನ್ನಾಗಿ ಗೊತ್ತು.

ಫೈಬರಿನ ಗಾಜಿನೆಳೆಯಲ್ಲಿ ಬರುವುದು ಬೆಳಕು. ಅದರಿಂದ ಗಂಟೆ ಬಾರಿಸಲಾಗದು. ಆದ್ದರಿಂದ ಮನೆಯೊಳಗಿನ ಫೈಬರ್ ಮೋಡೆಮ್ ಪೆಟ್ಟಿಗೆಯೇ ಪುಟ್ಟ ಎಕ್ಸ್‌ಚೇಂಜ್ ಆಗುತ್ತದೆ. ಅದರ ಫೋನ್ ಕಿಂಡಿ ಡಯಲ್ ಟೋನ್ ಕೊಡುತ್ತದೆ, ಗಂಟೆ ಬಾರಿಸುತ್ತದೆ. ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಇಂಟರ್‌ನೆಟ್ಟಿನ ದಾರಿಗೆ ಬಿಡುತ್ತದೆ. ಈ ಕಿಂಡಿಯಿಂದ ಒಂದು ತಂತಿಯನ್ನು ಗೋಡೆಯ ಹಳೆಯ ಟೆಲಿಫೋನ್ ಪೆಟ್ಟಿಗೆಗೆ ಕೊಟ್ಟರೆ ಮನೆಯ ಎಲ್ಲ ಫೋನುಗಳೂ ಮಾತಾಡುತ್ತವೆ.

ಆದರೆ ಅದಕ್ಕೂ ಮೊದಲು ಹೊರಗಿನ ಕಂಬದಿಂದ ಬಂದ ಜೋಡಿಯನ್ನು ಬಿಚ್ಚಲೇಬೇಕು. ಸದ್ದಿಲ್ಲದ ಲೈನ್ ಸತ್ತಿದೆ ಎಂದುಕೊಳ್ಳಬಾರದು. ಅದರಲ್ಲಿ 48 ವೋಲ್ಟ್ ಇರಬಹುದು, ಮಳೆಗಾಲದಲ್ಲಿ ಸಿಡಿಲಿನ ಆಘಾತವೂ ಅದೇ ದಾರಿಯಲ್ಲಿ ಒಳಬರಬಹುದು. ಒಂದೇ ತಂತಿಗೆ ಎರಡು ಕಡೆಯಿಂದ ವಿದ್ಯುತ್ತು ಬಿದ್ದರೆ ಹೊಸ ಪೆಟ್ಟಿಗೆ ಸುಟ್ಟುಹೋಗಬಹುದು. ಫೋನುಗಳೂ ಎರಡು ಮೂರಕ್ಕಿಂತ ಹೆಚ್ಚಿರದಿದ್ದರೆ ಒಳ್ಳೆಯದು, ಎಲ್ಲವುಗಳ ಗಂಟೆಗೆ ಸಾಲುವಷ್ಟು ಬಲ ಈ ಕಿಂಡಿಗಿಲ್ಲ. ಬೆರಳಿಟ್ಟು ತಿರುಗಿಸುವ ಹಳೆಯ ಫೋನಿಗೆ ಕರೆ ಬಂದೀತು, ಅದರಿಂದ ನಂಬರ್ ಹೋಗುವುದು ಅನುಮಾನ.

ಕಳೆದುಕೊಳ್ಳುವುದೂ ಒಂದಿದೆ. ಊರಿಗೆಲ್ಲ ಕರೆಂಟ್ ಹೋದರೂ ಹಳೆಯ ಫೋನ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬದುಕಿರುತ್ತಿತ್ತು. ಇನ್ನು ಆ ಹೊಣೆ ಮನೆಯದು. ವಯಸ್ಸಾದವರು ಒಂಟಿಯಾಗಿರುವ ಮನೆಯಲ್ಲಂತೂ ಪೆಟ್ಟಿಗೆಗೆ ಒಂದು ಚಿಕ್ಕ ಯುಪಿಎಸ್ ಬೇಕೇ ಬೇಕು. ಬಿಚ್ಚಿದ ಹೊರಜೋಡಿಯ ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, 'ಜೋಡಿಸಬೇಡಿ' ಎಂದು ಚೀಟಿ ಕಟ್ಟಿಡಿ. ಮುಂದೆ ರಿಪೇರಿಗೆ ಬಂದವರು ಅದನ್ನು ಒಳತಂತಿಗೆ ಮತ್ತೆ ಸೇರಿಸುವುದು ತಪ್ಪುತ್ತದೆ.