ತಕ್ಕಡಿ ತಪ್ಪಿದ ಆಟ

ಮಂಡ್ಯದ ಸೀಮೆಯಲ್ಲಿ ಕಬ್ಬು ಬೆಳೆಯುವವನಿಗೆ ತಕ್ಕಡಿಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ನಾಲೆಯ ನೀರು ಹಾಯಿಸಿ, ಗೊಬ್ಬರ ಹಾಕಿ, ರವದಿ ಸುಲಿದು ಬೆಳೆದ ಬೆಳೆಯ ಬೆಲೆ ನಿರ್ಧಾರವಾಗುವುದು ಗಾಡಿಯು ಕಾರ್ಖಾನೆಯ ತೂಕದ ಕಟ್ಟೆಯ ಮೇಲೆ ನಿಲ್ಲುವ ಒಂದೇ ನಿಮಿಷದಲ್ಲಿ. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪಿತವಾದಂದಿನಿಂದ ಈ ಸೀಮೆಯ ಮೂರು ತಲೆಮಾರುಗಳು ಆ ನಿಮಿಷವನ್ನು ಉಸಿರು ಹಿಡಿದು ಕಂಡಿವೆ. ತಕ್ಕಡಿ ನೇರವಾಗಿದೆಯೆಂಬ ನಂಬಿಕೆಯಿದ್ದಲ್ಲಿ ಕಡಿಮೆ ಬಂದ ತೂಕವನ್ನೂ ರೈತನು ತನ್ನ ಅದೃಷ್ಟವೆಂದು ಒಪ್ಪಿಕೊಳ್ಳುತ್ತಾನೆ. ಆ ನಂಬಿಕೆ ಹೋಯಿತೋ, ಹೆಚ್ಚು ಬಂದ ತೂಕವೂ ಅವನಿಗೆ ಸಮಾಧಾನ ತಾರದು.

ಆಟಕ್ಕೂ ಇದೇ ನ್ಯಾಯ. ೨೦೦೯ರಿಂದ ೨೦೧೯ರವರೆಗೆ ಬಾಳಿ ಅಳಿದ ಕರ್ನಾಟಕ ಪ್ರೀಮಿಯರ್ ಲೀಗಿನ ಕಥೆಯು ಹಣದ ಕಥೆಯಂತೆ ಕಂಡರೂ, ಅದರ ಒಳತಿರುಳು ಈ ತಕ್ಕಡಿಯದೇ ಆಗಿದೆ.

ಅರಮನೆಯ ನೆರಳಿನಲ್ಲಿ ಹುಟ್ಟಿದ್ದು

೨೦೦೮ರಲ್ಲಿ ಭಾರತದ ಮಹಾನಗರಗಳ ಹೆಸರು ಹೊತ್ತ ತಂಡಗಳು ಇಪ್ಪತ್ತು ಓವರುಗಳ ಇಂಡಿಯನ್ ಪ್ರೀಮಿಯರ್ ಲೀಗಿನಲ್ಲಿ ಸೆಣಸಿದಾಗ ದೇಶವೇ ಬೆರಗಾಯಿತು. ಮರುವರ್ಷವೇ ಕರ್ನಾಟಕವು ಅದರ ಕಿರಿಯ ರೂಪವೊಂದನ್ನು ತನ್ನ ನೆಲದಲ್ಲಿ ನೆಟ್ಟಿತು. ಆಗ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಮೈಸೂರು ರಾಜವಂಶದ ಶ್ರೀಕಂಠದತ್ತ ನರಸಿಂಹರಾಜ ಒಡೆಯರು. ಬೆಂಗಳೂರು, ಮೈಸೂರು, ಮಂಗಳೂರುಗಳ ಜೊತೆಗೆ ಬೆಳಗಾವಿ, ಬಿಜಾಪುರ, ದಾವಣಗೆರೆ, ಮಲೆನಾಡುಗಳ ಹೆಸರನ್ನೂ ಎದೆಯ ಮೇಲೆ ಬರೆದುಕೊಂಡ ತಂಡಗಳು ಕಣಕ್ಕಿಳಿದವು. ತಮಿಳುನಾಡಿನಲ್ಲಿ ಇಂತಹ ಲೀಗು ಆರಂಭವಾದದ್ದು ೨೦೧೬ರಲ್ಲಿ ಎಂಬುದನ್ನು ನೆನೆದರೆ, ಕರ್ನಾಟಕವು ಎಷ್ಟು ಮುಂಚಿತವಾಗಿ ಈ ಸಾಹಸಕ್ಕೆ ಕೈಹಾಕಿತೆಂಬುದು ತಿಳಿಯುತ್ತದೆ.

ಬೆಂಗಳೂರು ಗ್ರಾಮಾಂತರದ ತಂಡವು ಮೊದಲ ವರ್ಷ ಗೆದ್ದಿತು, ಮಂಗಳೂರು ಎರಡನೆಯ ವರ್ಷ. ಅಷ್ಟರಲ್ಲಿ ಸಂಸ್ಥೆಯ ಆಡಳಿತ ಬದಲಾಯಿತು. ೨೦೧೦ರ ಕೊನೆಯಲ್ಲಿ ಅನಿಲ್ ಕುಂಬ್ಳೆಯವರು ಅಧ್ಯಕ್ಷರಾದರು. ೨೦೧೧, ೨೦೧೨, ೨೦೧೩ ಈ ಮೂರು ವರ್ಷಗಳಲ್ಲಿ ಲೀಗು ನಡೆಯಲೇ ಇಲ್ಲ. ೨೦೧೩ರ ಡಿಸೆಂಬರಿನಲ್ಲಿ ಒಡೆಯರು ಮರಳಿ ಅಧ್ಯಕ್ಷರಾಗಿ ಚುನಾಯಿತರಾದರು. ಆದರೆ ಕೆಲವೇ ದಿನಗಳಲ್ಲಿ, ಆ ತಿಂಗಳ ೧೦ರಂದು, ಅವರು ಕಾಲವಾದರು. ತಾವು ಆರಂಭಿಸಿದ ಲೀಗು ೨೦೧೪ರಲ್ಲಿ ಪುನಃ ಚಿಗುರಿದ್ದನ್ನೂ, ಆ ವರ್ಷದ ಕಪ್ಪನ್ನು ತಮ್ಮ ಊರಾದ ಮೈಸೂರಿನ ತಂಡವೇ ಗೆದ್ದುದನ್ನೂ ಕಾಣುವ ಯೋಗ ಅವರಿಗಿರಲಿಲ್ಲ.

ತಂಡವಿಲ್ಲದ ಊರುಗಳು

ಮಂಡ್ಯಕ್ಕಾಗಲಿ, ಮದ್ದೂರಿಗಾಗಲಿ, ಮಳವಳ್ಳಿಗಾಗಲಿ ಸ್ವಂತ ತಂಡವಿರಲಿಲ್ಲ. ಕ್ರಿಕೆಟ್ ಸಂಸ್ಥೆಯ ವಿಂಗಡಣೆಯಲ್ಲಿ ಮಂಡ್ಯ ಜಿಲ್ಲೆಯು ಮೈಸೂರು ವಲಯಕ್ಕೆ ಸೇರಿದ್ದು. ಆದುದರಿಂದ ಇಲ್ಲಿಯವರಿಗೆ 'ನಮ್ಮ ತಂಡ'ವೆಂದರೆ ಮೈಸೂರಿನದೇ. ಅದರ ಒಡೆತನ ೨೦೧೪ರಿಂದ ಮೈಸೂರಿನ ಪ್ರಸಿದ್ಧ ಊದುಬತ್ತಿ ಸಂಸ್ಥೆಯದು. ಮದ್ದೂರಿನ ಜನಕ್ಕೆ ಒಂದು ದ್ವಂದ್ವವೂ ಇತ್ತು. ಶಿಂಷೆಯ ದಂಡೆಯ ಆ ಊರು ಬೆಂಗಳೂರಿಗೂ ಮೈಸೂರಿಗೂ ನಡುವಿನದು; ಪೂರ್ವಕ್ಕೆ ಹೋಗುವ ಬಸ್ಸಿಗೂ ಪಶ್ಚಿಮಕ್ಕೆ ಹೋಗುವ ಬಸ್ಸಿಗೂ ವಡೆ ಮಾರುವ ಊರು ಯಾವ ಪಕ್ಷ ವಹಿಸೀತು! ಇನ್ನು ರೈಲು ಹಳಿಯನ್ನೇ ಕಾಣದ ಮಳವಳ್ಳಿಯ ತರುಣರು ಪಂದ್ಯ ನೋಡಬೇಕೆಂದರೆ ಕಿರುಗಾವಲು, ಬನ್ನೂರುಗಳ ದಾರಿಯಾಗಿ ಮೈಸೂರಿಗೆ ಹೋಗಬೇಕು.

ಹೊರಗಿನವರಿಗೆ ಇದೊಂದು ಎರಡನೆಯ ದರ್ಜೆಯ ಲೀಗು. ಕೆಲವು ವರ್ಷ ಚಲನಚಿತ್ರ ನಟರ 'ರಾಕ್‌ಸ್ಟಾರ್ಸ್' ತಂಡವೂ ಅದರಲ್ಲಿ ಆಡಿತೆಂಬುದೇ ಅದರ ಜಾತ್ರೆಯ ಗುಣಕ್ಕೆ ಸಾಕ್ಷಿ. ಆದರೆ ತಾಲ್ಲೂಕು ಕೇಂದ್ರದ ಮಧ್ಯಮ ವರ್ಗದ ಮನೆಗಳಲ್ಲಿ ಅದನ್ನು ನೋಡುವ ಕಣ್ಣೇ ಬೇರೆ. ದೂರದರ್ಶನದಲ್ಲಿ ಕಾಣುವ ಆಟಗಾರನು ಮುಂಬಯಿಯವನಲ್ಲ, ಆಸ್ಟ್ರೇಲಿಯದವನಲ್ಲ. ನಿನ್ನೆ ಮೊನ್ನೆ ವಲಯ ಮಟ್ಟದ ಪಂದ್ಯದಲ್ಲಿ ಮ್ಯಾಟಿಂಗ್ ಹಾಸಿನ ಮೇಲೆ ಆಡಿದ ಹುಡುಗ. ಅವನಿಗೆ ಸಾಧ್ಯವಾದರೆ ನಮ್ಮ ಹುಡುಗನಿಗೇಕೆ ಆಗಬಾರದು? ಈ ಪ್ರಶ್ನೆ ಮೂಡಿದ ಮನೆಯಲ್ಲಿ ಲೀಗು ಎಂಬುದು ಸಂಜೆಯ ಮನರಂಜನೆಯಾಗಿ ಉಳಿಯಲಿಲ್ಲ. ಅದು ಮಗನ ಭವಿಷ್ಯದ ಲೆಕ್ಕಾಚಾರದಲ್ಲಿ ಸೇರಿಹೋಯಿತು.

ಇಪ್ಪತ್ತನಾಲ್ಕು ಪಟ್ಟು

ಆ ಲೆಕ್ಕಾಚಾರಕ್ಕೆ ಆಧಾರವಿಲ್ಲದಿರಲಿಲ್ಲ. ಕೊಡಗಿನ ಕೆ. ಸಿ. ಕಾರಿಯಪ್ಪನೆಂಬ ತರುಣ ಸ್ಪಿನ್ ಚೆಂಡೆಸೆಗಾರನು ೨೦೧೪ರ ಲೀಗಿನಲ್ಲಿ ಬಿಜಾಪುರದ ಪರವಾಗಿ ಆಡಿದನು. ಆಗಿನ್ನೂ ಅವನು ಒಂದೇ ಒಂದು ಪ್ರಥಮ ದರ್ಜೆಯ ಪಂದ್ಯವನ್ನೂ ಆಡಿದವನಲ್ಲ. ೨೦೧೫ರ ಇಂಡಿಯನ್ ಪ್ರೀಮಿಯರ್ ಲೀಗಿನ ಹರಾಜಿನಲ್ಲಿ ಅವನ ಮೂಲಬೆಲೆ ೧೦ ಲಕ್ಷ ರೂಪಾಯಿ. ಕೂಗು ಏರುತ್ತ ಏರುತ್ತ ಕೋಲ್ಕತ್ತದ ತಂಡವು ಅವನನ್ನು ೨ ಕೋಟಿ ೪೦ ಲಕ್ಷಕ್ಕೆ ಕೊಂಡಿತು. ಹೂಡಿದ ಬೆಲೆಗೆ ಇಪ್ಪತ್ತನಾಲ್ಕು ಪಟ್ಟು! ಮರುವರ್ಷ ಪಂಜಾಬಿನ ತಂಡ ಅವನಿಗೆ ಕೊಟ್ಟದ್ದು ೮೦ ಲಕ್ಷ. ಏರಿದ ಬೆಲೆ ಇಳಿಯುವುದೂ ಉಂಟೆಂಬ ಈ ಎರಡನೆಯ ಸುದ್ದಿಯನ್ನು ಮೊದಲನೆಯದರಷ್ಟು ಆಸಕ್ತಿಯಿಂದ ಯಾರೂ ಓದಲಿಲ್ಲ.

ಹುಬ್ಬಳ್ಳಿಯ ತಂಡದಲ್ಲಿ ಎಡಗೈಯಿಂದ ವಿಚಿತ್ರ ಭಂಗಿಯಲ್ಲಿ ಚೆಂಡೆಸೆಯುತ್ತಿದ್ದ ಶಿವಿಲ್ ಕೌಶಿಕ್ ೨೦೧೬ರಲ್ಲಿ ಗುಜರಾತಿನ ತಂಡ ಸೇರಿದನು. ರಣಜಿ ತಂಡದ ಮೆಟ್ಟಲನ್ನು ಹತ್ತದೆಯೇ ಮಹಡಿ ಸೇರಬಹುದೆಂಬ ಹೊಸ ಏಣಿಯನ್ನು ಈ ಲೀಗು ಒದಗಿಸಿಕೊಟ್ಟಿತ್ತು. ಹಿಂದೆ ಕ್ರಿಕೆಟ್ ಆಡುವ ಹುಡುಗನ ತಂದೆಯ ಆಸೆ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಕ್ರೀಡಾ ಮೀಸಲಿನ ಒಂದು ಕೆಲಸ. ತಿಂಗಳ ಸಂಬಳ, ನಿವೃತ್ತಿ ವೇತನ. ಈಗ ಅದರ ಬದಲು ಒಂದು ಸಂಜೆಯ ಹರಾಜು. ಒಂದರಲ್ಲಿ ಮಿತವಾದ ಭದ್ರತೆ, ಮತ್ತೊಂದರಲ್ಲಿ ಮಿತಿಯಿಲ್ಲದ ಆಸೆ.

ಎಂಟು ದಿನಗಳ ಅಂತರ

೨೦೧೫ರಲ್ಲಿ ಬಿಜಾಪುರ, ೨೦೧೬ರಲ್ಲಿ ಬಳ್ಳಾರಿ, ೨೦೧೭ರಲ್ಲಿ ಬೆಳಗಾವಿ, ೨೦೧೮ರಲ್ಲಿ ಮತ್ತೆ ಬಿಜಾಪುರ, ಹೀಗೆ ಕಪ್ಪು ಊರಿಂದೂರಿಗೆ ಸಂಚರಿಸಿತು. ೨೦೧೯ರಲ್ಲಿ ಲೀಗು ತನ್ನ ಶಿಖರವನ್ನು ಮುಟ್ಟಿತೆನ್ನಬಹುದು. ಆ ವರ್ಷದ ಆಗಸ್ಟ್ ೨೩ರಂದು ಬಳ್ಳಾರಿಯ ಕೃಷ್ಣಪ್ಪ ಗೌತಮ್ ಶಿವಮೊಗ್ಗದ ಎದುರು ಆಡಿದ ಆಟವನ್ನು ಕಥೆಗಾರನು ಬರೆದಿದ್ದರೆ ಓದುಗರು ಅತಿಶಯೋಕ್ತಿಯೆಂದು ನಗುತ್ತಿದ್ದರು. ಮಳೆಯಿಂದ ಮೊಟಕಾದ ಪಂದ್ಯದಲ್ಲಿ ಅವರು ೫೬ ಚೆಂಡುಗಳಲ್ಲಿ ೧೩ ಸಿಕ್ಸರುಗಳೊಡನೆ ಔಟಾಗದೆ ೧೩೪ ಓಟ ಗಳಿಸಿದರು. ಬಳಿಕ ಚೆಂಡು ಹಿಡಿದು ನಾಲ್ಕು ಓವರುಗಳಲ್ಲಿ ಕೇವಲ ೧೫ ಓಟವಿತ್ತು ಎಂಟು ಹುದ್ದರಿಗಳನ್ನು ಉರುಳಿಸಿದರು. ಲೀಗಿಗೆ ಅಧಿಕೃತ ಟ್ವೆಂಟಿ-ಟ್ವೆಂಟಿ ಮನ್ನಣೆ ಇರಲಿಲ್ಲವಾಗಿ ಈ ಸಾಧನೆ ದಾಖಲೆಯ ಪುಸ್ತಕವನ್ನು ಸೇರಲಿಲ್ಲ. ಅದು ಉಳಿದದ್ದು ನೋಡಿದವರ ನೆನಪಿನಲ್ಲಿ ಮಾತ್ರ.

ಅದಾದ ಎಂಟನೆಯ ದಿನ, ಆಗಸ್ಟ್ ೩೧ರಂದು, ಮೈಸೂರಿನಲ್ಲಿ ಅಂತಿಮ ಪಂದ್ಯ. ಹುಬ್ಬಳ್ಳಿಯು ಬಳ್ಳಾರಿಯನ್ನು ಎಂಟು ಓಟಗಳಿಂದ ಸೋಲಿಸಿತು. ಕಡೆಯವರೆಗೂ ಎದೆ ಬಡಿಸುವಂತಹ ಪಂದ್ಯವೆಂದು ಮೆಚ್ಚಿಕೊಂಡು ಜನರು ಮನೆಗೆ ತೆರಳಿದರು. ಆ ಹೆಸರಿನಲ್ಲಿ ಲೀಗು ಮತ್ತೆಂದೂ ನಡೆಯದೆಂಬ ಅರಿವು ಅಲ್ಲಿದ್ದ ಯಾರಿಗೂ ಇರಲಿಲ್ಲ.

ಮುಚ್ಚಿದ ಬಾಗಿಲು

ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೋಲೀಸರು ಬೆಳಗಾವಿ ತಂಡದ ಒಡೆಯನನ್ನು ಬಾಜಿಯ ಆರೋಪದ ಮೇಲೆ ಬಂಧಿಸಿದರು. ನವೆಂಬರಿನಲ್ಲಿ ಬಳ್ಳಾರಿಯ ಇಬ್ಬರು ಆಟಗಾರರ ಬಂಧನವಾಯಿತು. ಅವರಲ್ಲಿ ಒಬ್ಬರು ತಂಡದ ನಾಯಕರೇ ಆಗಿದ್ದರು. ಅಂತಿಮ ಪಂದ್ಯದಲ್ಲಿ ನಿಧಾನವಾಗಿ ಬ್ಯಾಟು ಬೀಸಲು ಹಣದ ಒಪ್ಪಂದವಾಗಿತ್ತೆಂಬುದು ಪೋಲೀಸರ ಆರೋಪ. ತನಿಖೆ ಮುಗಿಯುವವರೆಗೆ ಲೀಗನ್ನು ನಡೆಸಲಾಗದೆಂದು ಕ್ರಿಕೆಟ್ ಸಂಸ್ಥೆ ನಿರ್ಧರಿಸಿತು. ಮುಂದೆ ಮಹಾಮಾರಿಯ ಎರಡು ವರ್ಷಗಳು ಬಂದು ಮುಚ್ಚಿದ ಬಾಗಿಲಿಗೆ ಅಗುಳಿಯನ್ನೂ ಹಾಕಿದವು.

ಪ್ರಕರಣದ ಅಂತ್ಯ ಇನ್ನೂ ಕುತೂಹಲಕರವಾದುದು. ೨೦೨೨ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ತನ್ನ ಮುಂದೆ ಬಂದ ಆಪಾದಿತರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ವಂಚನೆಯೆಂಬ ಅಪರಾಧಕ್ಕೆ, ಒಬ್ಬನನ್ನು ನಂಬಿಸಿ ಅವನ ಸ್ವತ್ತನ್ನು ಪಡೆದಿರಬೇಕು. ಪ್ರೇಕ್ಷಕನಾದರೋ ಟಿಕೆಟ್ಟನ್ನು ತಾನಾಗಿಯೇ ಕೊಂಡವನು. ಆಟಗಾರನು ತಪ್ಪಾಡಿದನೆಂದರೆ ಆಟದ ಪ್ರೇಮಿಗಳಿಗೆ ಮೋಸಹೋದೆವೆಂಬ ಭಾವನೆ ಮೂಡಬಹುದು, ಆದರೆ ಆ ಭಾವನೆಯಿಂದಲೇ ಅಪರಾಧ ಹುಟ್ಟದು. ಶಿಸ್ತಿನ ಕ್ರಮ ಕ್ರಿಕೆಟ್ ಮಂಡಳಿಗೆ ಸೇರಿದ್ದು. ಇದು ನ್ಯಾಯಾಲಯದ ತರ್ಕ.

ಕಾನೂನಿನ ದೃಷ್ಟಿಯಿಂದ ಈ ಮಾತು ಸ್ಪಷ್ಟವಾದುದೇ. ಆರೋಪ ಸಾಬೀತಾಗದವರನ್ನು ತಪ್ಪಿತಸ್ಥರೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಬನ್ನೂರಿನ ದಾರಿಯಲ್ಲಿ ರಾತ್ರಿಯ ಬಸ್ಸು ಹಿಡಿದು ಮಳವಳ್ಳಿಗೆ ಮರಳುವ ತರುಣನ ಸ್ಥಿತಿ ಏನು? ಅವನು ಕಂಡದ್ದು ನಿಜವೋ ನಾಟಕವೋ ಎಂಬುದನ್ನು ಅವನಿಗೆ ಹೇಳುವವರು ಯಾರೂ ಇಲ್ಲ. ಅವನು ಕಳೆದುಕೊಂಡದ್ದು ಟಿಕೆಟಿನ ಹಣವಲ್ಲ. ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಪ್ರಾಮಾಣಿಕವಾಗಿ ಆಡಿದ ನೂರಾರು ಹುಡುಗರ ಸೋಲುಗೆಲವುಗಳ ಮೇಲೂ ಅದೇ ಅನುಮಾನದ ನೆರಳು ಬಿದ್ದಿತು. ಅವರಲ್ಲಿ ಹಲವರಿಗೆ ಏಣಿಯ ಮೊದಲ ಮೆಟ್ಟಲೇ ಕಾಲಡಿಯಿಂದ ಜಾರಿತು. ಇಪ್ಪತ್ತರ ಹರಯದ ಆಟಗಾರನಿಗೆ ಮೂರು ವರ್ಷವೆಂದರೆ ಸಣ್ಣ ಕಾಲವೇ?

ಉಳಿದದ್ದೇನು?

ಲೀಗುಗಳು ಹುಟ್ಟುವುದು, ಸಾಯುವುದು ಲೋಕದಲ್ಲಿ ಹೊಸತಲ್ಲ. ಅಮೆರಿಕದಲ್ಲಿ ೧೯೬೭ರಲ್ಲಿ ಹುಟ್ಟಿದ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡಿನಿಂದ ಒಂಬತ್ತು ವರ್ಷ ಜನರನ್ನು ರಂಜಿಸಿ, ೧೯೭೬ರಲ್ಲಿ ನಾಲ್ಕು ತಂಡಗಳನ್ನು ಎದುರಾಳಿ ಲೀಗಿಗೆ ಒಪ್ಪಿಸಿ ಮಡಿಯಿತು. ಅದನ್ನು ಕೊಂದದ್ದು ಸಾಲ. ಆದರೂ ದೂರದಿಂದ ಬುಟ್ಟಿಗೆ ಹಾಕಿದ ಚೆಂಡಿಗೆ ಮೂರು ಅಂಕ ಕೊಡುವ ಅದರ ಪದ್ಧತಿಯನ್ನು ಗೆದ್ದ ಲೀಗೇ ೧೯೭೯ರಲ್ಲಿ ತನ್ನದಾಗಿಸಿಕೊಂಡಿತು. ಭಾರತದಲ್ಲಿಯೂ ೨೦೧೫ರಲ್ಲಿ ಬೆಂಗಳೂರನ್ನೊಳಗೊಂಡು ಎಂಟು ತಂಡಗಳ ಬ್ಯಾಸ್ಕೆಟ್‌ಬಾಲ್ ಲೀಗೊಂದು ತಲೆಯೆತ್ತಿ, ೨೦೧೭ರ ನಂತರ ಸದ್ದಿಲ್ಲದೆ ನಿಂತಿತು. ಹಣವಿಲ್ಲದೆ ಸತ್ತ ಲೀಗನ್ನು ಜನರು ಮರುಕದಿಂದ ನೆನೆಯುತ್ತಾರೆ. ಅನುಮಾನದಿಂದ ಸತ್ತುದಕ್ಕೆ ಆ ಭಾಗ್ಯವೂ ಇಲ್ಲ.

೨೦೨೨ರ ಆಗಸ್ಟಿನಲ್ಲಿ ಕ್ರಿಕೆಟ್ ಸಂಸ್ಥೆಯು ಒಡೆಯರ ಸ್ಮರಣೆಗೆ 'ಮಹಾರಾಜ ಟ್ರೋಫಿ' ಎಂಬ ಹೊಸ ಪಂದ್ಯಾವಳಿಯನ್ನು ಆರು ತಂಡಗಳಿಂದ ಆರಂಭಿಸಿತು. ಹಳೆಯ ಹೆಸರು ಹೋಯಿತು, ಆಟ ಉಳಿಯಿತು. ಗುಲ್ಬರ್ಗ, ಹುಬ್ಬಳ್ಳಿ, ಮೈಸೂರು, ಮಂಗಳೂರು ಕ್ರಮವಾಗಿ ೨೦೨೫ರವರೆಗಿನ ನಾಲ್ಕು ಕಪ್ಪುಗಳನ್ನು ಗೆದ್ದವು. ೨೦೨೪ರಲ್ಲಿ ಮೈಸೂರು ಗೆದ್ದಾಗ ಮಂಡ್ಯದ ಸೀಮೆಯಲ್ಲಿಯೂ 'ನಮ್ಮ ತಂಡ' ಎಂಬ ಹಳೆಯ ಮಾತು ಮರಳಿ ಅರ್ಥ ಪಡೆಯಿತು.

ಒಮ್ಮೆ ತಪ್ಪಿದ ತಕ್ಕಡಿಯನ್ನು ಸರಿಪಡಿಸಬಹುದು, ಮುದ್ರೆಯನ್ನೂ ಒತ್ತಿಸಬಹುದು. ಆದರೆ ಅದರ ಎದುರು ನಿಲ್ಲುವವನು ಮುಳ್ಳು ಸ್ಥಿರವಾಗುವವರೆಗೆ ಕಣ್ಣು ಕೀಳದೆ ನೋಡುತ್ತಾನೆ. ಕೊನೆಯ ಓವರಿನಲ್ಲಿ ಹುದ್ದರಿ ಉರುಳಿದಾಗ ಇಂದಿನ ಪ್ರೇಕ್ಷಕನೂ ಚಪ್ಪಾಳೆ ತಟ್ಟುವ ಮೊದಲು ಅರೆಕ್ಷಣ ಸುಮ್ಮನಿರುತ್ತಾನೆ. ಆ ಅರೆಕ್ಷಣವನ್ನು ಅಳಿಸುವ ಹೊಣೆ, ಪಂದ್ಯದಿಂದ ಪಂದ್ಯಕ್ಕೆ, ಇನ್ನು ಆಡುವ ಹುಡುಗರದೇ.