ಬೂಟು ಉದ್ದವಿದ್ದರೆ ಸಾಲದು, ಕಾಲಿಗೆ ಒಪ್ಪಬೇಕು!

ದೊಡ್ಡಮಳೂರು: ದಸರಾ ಬಂತೆಂದರೆ ಅಪ್ರಮೇಯಸ್ವಾಮಿ ಊರಿನ ಸ್ಟಾಪಿನಲ್ಲಿ ಮೈಸೂರು ಬಸ್ಸಿಗೆ ಕಾಲಿಡಲೂ ಜಾಗವಿರುವುದಿಲ್ಲ. ಜಂಬೂಸವಾರಿ ನೋಡಿ ಬಂದವರು ಅಂಬಾರಿಯ ಜೊತೆಗೆ ಅಶ್ವಾರೋಹಿ ಪೊಲೀಸರ ಗತ್ತನ್ನೂ ಹೊಗಳುತ್ತಾರೆ. ಆ ಗತ್ತಿನಲ್ಲಿ ಅರ್ಧ ಪಾಲು ಉದ್ದನೆಯ ಬೂಟಿನದು.

ಕುಣಿಗಲ್ ಕುದುರೆ ಫಾರಂ ಹೆಸರು ಕೇಳದವರು ಈ ಸೀಮೆಯಲ್ಲಿ ಕಡಿಮೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಪದಕ ಗೆದ್ದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೂ ಹೋದರು. ಇದನ್ನೆಲ್ಲ ಕೇಳಿ ಈ ಕಡೆಯ ಹುಡುಗನೊಬ್ಬ ಬೆಂಗಳೂರಿನ ಸವಾರಿ ಶಾಲೆ ಸೇರಿದ ಅಂತಿಟ್ಟುಕೊಳ್ಳಿ. ಅಪ್ಪ ಅಂಗಡಿಗೆ ಹೋಗಿ "ಎಂಟು ನಂಬರ್ ಬೂಟು ಕೊಡಿ ಸ್ವಾಮಿ" ಅಂದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಕಾರಣ ಸರಳ. ನಂಬರು ಪಾದದ ಲೆಕ್ಕ ಮಾತ್ರ. ಸವಾರಿ ಬೂಟಿಗೆ ಇನ್ನೆರಡು ಅಳತೆ ಬೇಕು: ಮೀನಖಂಡದ ಸುತ್ತಳತೆ ಮತ್ತು ಎತ್ತರ. ದರ್ಜಿಯ ಟೇಪು ಸಾಕು. ಸವಾರಿಯ ಪ್ಯಾಂಟು, ಕಾಲುಚೀಲ ಹಾಕಿಕೊಂಡೇ ಕುರ್ಚಿಯಲ್ಲಿ ಮಂಡಿ ನೇರ ಮಡಿಸಿ ಕೂರಬೇಕು. ಮೀನಖಂಡದ ದಪ್ಪ ಭಾಗಕ್ಕೆ ಟೇಪು ಸುತ್ತಿ ಒಂದಳತೆ. ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಇನ್ನೊಂದಳತೆ. ಎರಡೂ ಕಾಲನ್ನು ಅಳೆಯಬೇಕು, ಏಕೆಂದರೆ ಎರಡೂ ಒಂದೇ ಸಮ ಇರುವುದು ಅಪರೂಪ. ದೊಡ್ಡದಕ್ಕೆ ಹೊಂದಿಸಬೇಕು. ಸಂಜೆ ಹೊತ್ತು ಕಾಲು ಕೊಂಚ ಊದಿಕೊಳ್ಳುವುದರಿಂದ ಆಗ ಅಳೆಯುವುದೇ ಲೇಸು.

ಹೊಸ ಬೂಟು ಮಂಡಿಯ ಹಿಂದೆ ಸ್ವಲ್ಪ ಒತ್ತಿದರೆ ಗಾಬರಿ ಬೇಡ. ತೊಗಲು ಮೆತ್ತಗಾಗಿ ಗಿಣ್ಣಿನ ಬಳಿ ಮಡಿಕೆ ಬಿದ್ದಾಗ ಅದು ಸುಮಾರು ಒಂದಂಗುಲ ಇಳಿಯುತ್ತದೆ. ಮೊದಲ ದಿನವೇ ಸರಿಯಾಗಿದ್ದರೆ ತಿಂಗಳಾಗುವಷ್ಟರಲ್ಲಿ ಗಿಡ್ಡವಾಗಬಹುದು. ಆದರೆ ಮೀನಖಂಡದ ಬಳಿ ಬಿಗಿಯಾಗಿ ಪಾದ ಜೋಮು ಹಿಡಿದರೆ ಅದು ಬೇಡವೇ ಬೇಡ. ಸಡಿಲವಾದರೂ ತಾಪತ್ರಯವೇ, ತೊಗಲು ಉಜ್ಜಿ ಚರ್ಮ ಸುಲಿಯುತ್ತದೆ, ಕಾಲಿನ ಸೂಚನೆಯೂ ಕುದುರೆಗೆ ಸ್ಪಷ್ಟವಾಗಿ ಮುಟ್ಟುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಹಿಮ್ಮಡಿ. ರಿಕಾಪಿನಲ್ಲಿ ಪಾದ ಮುಂದಕ್ಕೆ ಜಾರದಂತೆ ತಡೆಯುವುದು ಅದೇ. ಸುಮಾರು ಒಂದಂಗುಲದ ಹಿಮ್ಮಡಿ ಬೇಕು. ಹಿಮ್ಮಡಿಯಿಲ್ಲದ ಕ್ಯಾನ್ವಾಸ್ ಶೂ ಹಾಕಿ ಹತ್ತಿದರೆ ಪಾದ ರಿಕಾಪಿನೊಳಗೆ ತೂರಿ ಸಿಕ್ಕಿಹಾಕಿಕೊಳ್ಳಬಹುದು. ಬಿದ್ದ ಸವಾರನನ್ನು ಬೆದರಿದ ಕುದುರೆ ದರದರನೆ ಎಳೆದುಕೊಂಡು ಹೋಗುವುದು ಹೀಗೆಯೇ. ರಿಕಾಪು ಕೂಡ ಬೂಟಿಗಿಂತ ಸುಮಾರು ಒಂದಂಗುಲ ಅಗಲವಿರಬೇಕು.

ಬೆಳೆಯುವ ಮಕ್ಕಳಿಗೆ ವರ್ಷಕ್ಕೊಂದು ಉದ್ದ ಬೂಟು ಕೊಡಿಸುವುದು ಯಾರ ಕೈಲಾದೀತು? ಗಿಣ್ಣು ಮುಚ್ಚುವ, ಹಿಮ್ಮಡಿಯಿರುವ ಗಿಡ್ಡ ಬೂಟು, ಅದರ ಮೇಲೆ ಮೀನಖಂಡಕ್ಕೆ ಹಾಕುವ ಹಾಫ್ ಚಾಪ್ಸ್ ಎಂಬ ತೊಗಲಿನ ಹೊದಿಕೆ ಇದ್ದರೆ ಕಲಿಕೆಗೆ ಧಾರಾಳ ಸಾಕು. ಹಳೆಯದನ್ನು ಅರ್ಧ ಬೆಲೆಗೆ ಕೊಳ್ಳುವವರು ಹೊಳಪು ನೋಡಿ ಮರುಳಾಗದೆ ಹಿಮ್ಮಡಿ, ಹೊಲಿಗೆ, ಜಿಪ್ಪು ಪರೀಕ್ಷಿಸಿ ಕಾಸು ಎಣಿಸಬೇಕು.

ಪಕ್ಕದ ಚನ್ನಪಟ್ಟಣದ ಬಣ್ಣದ ಮರದ ಕುದುರೆಯನ್ನು ಮಕ್ಕಳು ಬರಿಗಾಲಲ್ಲಿ ಹತ್ತಿದರೂ ನಡೆದೀತು. ಉಸಿರಾಡುವ ಕುದುರೆಯ ಮಾತೇ ಬೇರೆ!